ವರ್ಗಾವಣೆಯ ಮನೆಯಲ್ಲಿ ಕರಗುವ ಗಂಟು

ಸೈನಿಕ ಕುಟುಂಬಕ್ಕೆ ಮನೆ ಎಂಬುದು ಎರಡು ಮೂರು ವರ್ಷಗಳ ತಂಗುದಾಣ. ಒಂದು ಊರಿನ ನೀರು ಒಗ್ಗುವಷ್ಟರಲ್ಲಿ ಮತ್ತೊಂದು ಊರಿಗೆ ಹೊರಡುವ ಆದೇಶ ಬರುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಸೇನೆಯಲ್ಲಿದ್ದಾರೆ. ನಾವು ಮಾಡಿದ ತಪ್ಪು ಅಂತಹ ಮನೆಗಳ ಸೊಸೆಯಂದಿರಿಗೆ ಎಚ್ಚರಿಕೆಯಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಯಜಮಾನರು ಭೂಸೇನೆಯಲ್ಲಿ ಹವಾಲ್ದಾರರು. 2019ರ ಜೂನ್ ತಿಂಗಳಲ್ಲಿ ಬೆಳಗಾವಿಯಿಂದ ರಾಜಸ್ಥಾನದ ಜೋಧಪುರಕ್ಕೆ ವರ್ಗವಾಯಿತು. ಆರು ಟ್ರಂಕು ಹಾಗೂ ಇಬ್ಬರು ಮಕ್ಕಳೊಂದಿಗೆ ನಾವು ಇಳಿದಾಗ ಬಿಸಿಲು 40 ಡಿಗ್ರಿ ದಾಟಿತ್ತು. ವಸತಿಗೃಹದ ಬರಿದಾದ ಕೋಣೆಯಲ್ಲಿ ನಿಂತು ಕಿರಿಯ ಮಗಳು, “ಅವ್ವಾ, ನಮ್ಮ ಮನಿಗೆ ಯಾವಾಗ ಹೋಗೂಣು?” ಎಂದು ಅತ್ತಳು. ಆ ಅಳುವಿಗೆ ನಾವು ಅಂಗಡಿಗಳಲ್ಲಿ ಉತ್ತರ ಹುಡುಕತೊಡಗಿದೆವು.

ಮೊದಲು ಕೂಲರ್ ಬಂದಿತು. ಆ ಊರಿನಲ್ಲಿ ಅದು ಅವಶ್ಯವೇ ಆಗಿತ್ತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಜೋಧಪುರವು ಮರದ ಪೀಠೋಪಕರಣಗಳಿಗೆ ಹೆಸರಾದ ಊರು. ಶೀಶಮ್ ಮರದ ಸೋಫಾ ಕಂಡು ಮನಸೋತು 34 ಸಾವಿರ ರೂಪಾಯಿ ತೆತ್ತೆವು. ಊಟದ ಮೇಜಿಗೆ 18 ಸಾವಿರ. ಕ್ಯಾಂಟೀನಿನಲ್ಲಿ ಅಗ್ಗವೆಂದು, ಇದ್ದ ಫ್ರಿಜ್ ಮಾರಿ ದೊಡ್ಡದನ್ನು ತಂದೆವು. ಪರದೆ, ಜಮಖಾನೆ, ಒಲೆ ಹಚ್ಚುವವರೆಗಿನ ಹೊರಗಿನ ಊಟ ಎಲ್ಲವೂ ಸೇರಿ ನಲವತ್ತು ದಿನಗಳಲ್ಲಿ 1,10,000 ರೂಪಾಯಿ ಕರಗಿತು.

ವರ್ಗಾವಣೆಯ ಅನುದಾನ ಬರುತ್ತದೆಯಲ್ಲ ಎಂಬ ಧೈರ್ಯ ನಮಗಿತ್ತು. 2017ರಲ್ಲಿ ಜಾರಿಗೆ ಬಂದ ನಿಯಮದಂತೆ ಮೂಲವೇತನದ ಶೇಕಡಾ 80ರಷ್ಟು ಅನುದಾನ ದೊರೆಯುತ್ತದೆ. ನಮಗೆ ಬಂದದ್ದು ಸುಮಾರು 30 ಸಾವಿರ. ಅದರಲ್ಲಿ 17 ಸಾವಿರ ಸಾಮಾನು ಕಟ್ಟುವುದಕ್ಕೆ, ಏರಿಸಿ ಇಳಿಸುವುದಕ್ಕೇ ಮುಗಿದಿತ್ತು. ಉಳಿದ ಭಾರವೆಲ್ಲ ನಮ್ಮ ಉಳಿತಾಯದ ಮೇಲೆ ಬಿದ್ದಿತು.

ಆ ಉಳಿತಾಯದಲ್ಲಿ ನಾದಿನಿಯ ನರ್ಸಿಂಗ್ ಕಾಲೇಜಿನ ಶುಲ್ಕವಿತ್ತು. ಆಗಸ್ಟ್‌ನಲ್ಲಿ 60 ಸಾವಿರ ಕಳುಹಿಸುವುದಾಗಿ ಮಾವನವರಿಗೆ ಮಾತು ಕೊಟ್ಟಿದ್ದೆವು. ಆಗಸ್ಟ್ ಬಂದಾಗ, “ಸ್ವಲ್ಪ ತಡವಾಗುತ್ತದೆ ಮಾವ” ಎಂದೆವು. ಅವರು, “ಇರಲಿ ತಂಗಿ, ನಿಮಗೂ ಹೊಸ ಊರು” ಎಂದರಷ್ಟೇ. ದೀಪಾವಳಿಗೆ ಊರಿಗೆ ಹೋದಾಗಲೇ ನಮಗೆ ತಿಳಿದದ್ದು: ಮಗಳ ಓದು ನಿಲ್ಲಬಾರದೆಂದು ಅವರು ಶೇಕಡಾ ಮೂರರ ತಿಂಗಳ ಬಡ್ಡಿಗೆ ಸಾಲ ಮಾಡಿದ್ದರು. ನಮ್ಮೆದುರು ಒಂದು ಮಾತನ್ನೂ ಎತ್ತಲಿಲ್ಲ. ಅವರ ಆ ಮೌನ ನಮ್ಮನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಆ ಸಾಲ ತೀರಿಸಲು ಒಂದೂವರೆ ವರ್ಷ ಹಿಡಿಯಿತು.

2022ರಲ್ಲಿ ಮೇಘಾಲಯದ ಶಿಲ್ಲಾಂಗಿಗೆ ಆದೇಶ ಬಂದಿತು. ಅಷ್ಟು ದೂರಕ್ಕೆ ಭಾರವಾದ ಸೋಫಾ ಸಾಗಿಸುವುದು ಹೇಗೆ? 11 ಸಾವಿರಕ್ಕೆ ಮಾರಿದೆವು. ಆ ಚಳಿಯ ಊರಿಗೆ ಕೂಲರ್ ಏಕೆ? ಅದನ್ನೂ ಕೊಟ್ಟೆವು.

ಈ ಬಾರಿ ಗಂಡ ಹೆಂಡಿರು ಕುಳಿತು ಕೆಲವು ಕಟ್ಟುಪಾಡು ಮಾಡಿಕೊಂಡೆವು. ಊರಿಗೆ ಕಳುಹಿಸಬೇಕಾದ ಹಣವನ್ನು ಹೊರಡುವ ಮೊದಲೇ ಕಳುಹಿಸಿಬಿಟ್ಟೆವು. ಅನುದಾನವನ್ನು ಸಾಗಾಣಿಕೆಗೆ ಮಾತ್ರ ಮೀಸಲಿಟ್ಟು, ಪ್ರತಿಯೊಂದು ರಸೀದಿಯನ್ನೂ ಕಾಪಾಡಿದೆವು. ಮಂಚ, ಮೇಜು, ಕುರ್ಚಿ ವಸತಿಗೃಹದೊಂದಿಗೇ ಸಿಗುತ್ತವೆಯೇ ಎಂದು ವಿಚಾರಿಸಿದ ಮೇಲೆಯೇ ಅಂಗಡಿಯ ಮಾತೆತ್ತಿದೆವು. ಬೇಕೆನಿಸಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದು, ಮೂವತ್ತು ದಿನ ಏನನ್ನೂ ಕೊಳ್ಳಲಿಲ್ಲ. ಚಳಿಗೆ ಹೀಟರ್ ಒಂದೇ ಅದಕ್ಕೆ ಅಪವಾದ. ಪಟ್ಟಿಯಲ್ಲಿ ಹತ್ತೊಂಬತ್ತು ವಸ್ತುಗಳಿದ್ದವು. ತಿಂಗಳು ಕಳೆದ ಮೇಲೆ ಏಳು ಉಳಿದವು. ಖರ್ಚು 21 ಸಾವಿರಕ್ಕೆ ನಿಂತಿತು.

ಶಿಲ್ಲಾಂಗ್ ತಲುಪಿದ ದಿನವೇ ಬೆಳಗಾವಿಯ ಹಂಚನ್ನು ಟ್ರಂಕಿನಿಂದ ತೆಗೆದು ಜೋಳದ ರೊಟ್ಟಿ ಬಡಿದೆವು. ಮಕ್ಕಳು ಟ್ರಂಕುಗಳ ಮೇಲೆಯೇ ಕುಳಿತು ಉಂಡರು. ಮಗಳು ಎರಡನೆಯ ರೊಟ್ಟಿಗೆ ಕೈ ಚಾಚಿದಳೇ ಹೊರತು ಹಳೆಯ ಮನೆಯನ್ನು ಕೇಳಲಿಲ್ಲ. ಜೋಧಪುರದಲ್ಲಿ ಅವಳಿಗೆ ಬೇಕಾಗಿದ್ದುದು ಸೋಫಾ ಅಲ್ಲವೆಂಬುದು ಆಗ ನಮಗೆ ಅರಿವಾಯಿತು.

ನಾದಿನಿ ಇಂದು ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತಿದ್ದಾಳೆ. ಅವಳ ಓದು ನಮ್ಮಿಂದ ನಿಲ್ಲಲಿಲ್ಲ, ಆದರೆ ನಿಲ್ಲಬಹುದಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹೊಸ ಊರಿನಲ್ಲಿ ಹಾಸಿಗೆ ಬಿಚ್ಚುವ ಮೊದಲ ದಿನವೇ ಆ ಮಾತನ್ನು ನೆನೆಯಬೇಕೆಂಬುದು ನಮ್ಮ ಸಹೋದರಿಯರಲ್ಲಿ ನಮ್ಮ ವಿನಮ್ರ ಬಿನ್ನಹ.