ಸೂಜಿಗೆ ಕರೆಂಟ್ ಕೊಟ್ಟರೆ ನೋವು ಬೇರುಸಹಿತ ಹೋಗುತ್ತದೆಯೇ?

ಗುಂಡ್ಲುಪೇಟೆ ದಾಟಿ, ಮುತ್ತಂಗದ ಕಾಡು ಹಾದು ಹೋದರೆ ವಯನಾಡು. ಚಹಾ ಎಲೆ ಕೀಳುವವರು, ಶುಂಠಿ ಪಾತಿಯಲ್ಲಿ ಬಗ್ಗಿ ಕಳೆ ತೆಗೆಯುವವರು, ಕಾಫಿ ಮೂಟೆ ಹೊರುವವರು ಸೊಂಟ, ಮಂಡಿ ಹಿಡಿದುಕೊಂಡು ಕೂರುವುದು ಅಲ್ಲಿ ಮಾಮೂಲು. ಇಂಥವರಿಗೆ ‘ಸೂಜಿ ಚುಚ್ಚಿ ಕರೆಂಟ್ ಕೊಟ್ಟರೆ ನೋವು ಬೇರುಸಹಿತ ಹೋಗುತ್ತೆ’ ಎಂಬ ಮಾತು ಹಿತವಾಗಿ ಕೇಳುತ್ತದೆ. ‘ಅದೆಲ್ಲ ಬರೀ ಮನಸ್ಸಿನ ಭ್ರಮೆ’ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ತಪ್ಪು.

ಭ್ರಮೆಯ ಮಾತು ಮೊದಲು. ಎಲೆಕ್ಟ್ರೋ ಅಕ್ಯುಪಂಕ್ಚರ್‌ನಲ್ಲಿ ಸಪೂರ ಸೂಜಿಗಳಿಗೆ ಕ್ಲಿಪ್ ಸಿಕ್ಕಿಸಿ, ಬ್ಯಾಟರಿ ಯಂತ್ರದಿಂದ ಕೆಲವೇ ಮಿಲಿಆಂಪಿಯರ್ ಕರೆಂಟ್ ಬಿಡುತ್ತಾರೆ. ಸೂಜಿಯ ಸುತ್ತಲಿನ ಸ್ನಾಯು ಸಣ್ಣಗೆ ಅದುರುತ್ತದೆ. ಬೀಜಿಂಗ್‌ನ ವಿಜ್ಞಾನಿ ಹಾನ್ ಜಿಶೆಂಗ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಸೆಕೆಂಡಿಗೆ 2 ಬಾರಿ ಮಿಡಿಯುವ ಕರೆಂಟ್ ಕೊಟ್ಟಾಗ ಮೆದುಳು, ಬೆನ್ನುಹುರಿಗಳಲ್ಲಿ ಎಂಡಾರ್ಫಿನ್, ಎನ್ಕೆಫಲಿನ್ ಬಿಡುಗಡೆಯಾಗುತ್ತವೆ. 100 ಬಾರಿ ಮಿಡಿದರೆ ಡೈನಾರ್ಫಿನ್. ಇವೆಲ್ಲ ದೇಹವೇ ತಯಾರಿಸಿಕೊಳ್ಳುವ, ಮಾರ್ಫಿನ್‌ನಂಥ ನೋವುಶಾಮಕಗಳು. ಅವುಗಳ ದಾರಿ ಮುಚ್ಚುವ ನಲಾಕ್ಸೋನ್ ಎಂಬ ಔಷಧ ಕೊಟ್ಟರೆ ಪರಿಣಾಮ ಕುಗ್ಗುತ್ತದೆ. ಪ್ರಯೋಗಾಲಯದ ಇಲಿಗಳಲ್ಲೂ ಕಂಡುಬಂದ ಇದನ್ನು ಬರೀ ನಂಬಿಕೆಯ ಫಲ ಎನ್ನಲಾಗದು.

ಹಾಗೆಂದು ‘ಸೂಜಿ ಚುಚ್ಚುವ ಒಂದೊಂದು ಬಿಂದುವಿಗೂ ಮೆದುಳಿನಲ್ಲಿ ಒಂದೊಂದು ಸ್ವಿಚ್ ಇದೆ’ ಎಂದು ನಂಬಬೇಕಿಲ್ಲ. ಕಾಲಿನ ಕಿರುಬೆರಳ ಬಿಂದುವನ್ನು ಪ್ರಚೋದಿಸಿದರೆ ಮೆದುಳಿನ ದೃಷ್ಟಿಭಾಗ ಚುರುಕಾಗುತ್ತದೆ ಎಂಬ ಸಂಶೋಧನೆ 1998ರಲ್ಲಿ ಪ್ರಕಟವಾಗಿ ಬಹಳ ಸದ್ದು ಮಾಡಿತ್ತು. 2006ರಲ್ಲಿ ಅದನ್ನು ಹಿಂಪಡೆಯಲಾಯಿತು. ಕರೆಂಟ್ ಇಲ್ಲದ ಸೂಜಿ ಚಿಕಿತ್ಸೆ ಕುರಿತು ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆದ ಪರೀಕ್ಷೆಯೂ (2007) ಬಿಂದುವಿಗೆ ಅಂಥ ವಿಶೇಷವಿಲ್ಲ ಎಂದೇ ಹೇಳುತ್ತದೆ. ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬೇರೆಲ್ಲೋ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತು. ಉಪಶಮನ ನಿಜ, ಬಿಂದುವಿನ ಮಹಿಮೆ ಮಾತ್ರ ಅಷ್ಟಕ್ಕಷ್ಟೆ.

ವಯನಾಡಿನ ಮಟ್ಟಿಗೆ ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ‘ಬೇರುಸಹಿತ’ ಎಂಬ ಮಾತು. ಕರೆಂಟ್ ತಗ್ಗಿಸುವುದು ನೋವಿನ ಸಂದೇಶವನ್ನು, ನೋವಿನ ಕಾರಣವನ್ನಲ್ಲ. ವಯನಾಡನ್ ಚೆಟ್ಟಿ, ಕುರುಮ, ಪಣಿಯ ಮುಂತಾದ ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗವಿದೆ. ಭಾರತದಲ್ಲಿ ಇದು 1952ರಲ್ಲಿ ಮೊದಲು ಪತ್ತೆಯಾದದ್ದೂ ಪಕ್ಕದ ನೀಲಗಿರಿಯಲ್ಲೇ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಎಲುಬು, ಎದೆ, ಹೊಟ್ಟೆ ಸೀಳಿದಂತೆ ನೋಯುತ್ತವೆ. ಚಳಿ, ಸೋಂಕು, ನೀರು ಕುಡಿಯದೆ ದುಡಿಯುವುದು ಅದನ್ನು ಕೆರಳಿಸುತ್ತವೆ. ಆ ಹೊತ್ತಿಗೆ ಬೇಕಾದದ್ದು ಆಸ್ಪತ್ರೆ, ಡ್ರಿಪ್, ಪ್ರಬಲ ನೋವುಶಾಮಕ. ಮುಂದೆ ಮರುಕಳಿಸುವುದನ್ನು ಕಡಿಮೆ ಮಾಡಲು ಹೈಡ್ರಾಕ್ಸಿಯೂರಿಯಾ ಮಾತ್ರೆ. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಬರುವ ಇಲಿ ಜ್ವರವೂ ಸೊಂಟ, ಮೀನಖಂಡಗಳ ಕಡುನೋವಿನಿಂದ ಶುರುವಾಗಬಹುದು. ಸೂಜಿಯ ನೆಚ್ಚಿಕೆಯಲ್ಲಿ ಎರಡು ದಿನ ಕಳೆದರೆ ಮೂತ್ರಪಿಂಡಕ್ಕೆ ಕುತ್ತು.

ಕಾರಣ ಪತ್ತೆಯಾದ ಹಳೆಯ ಸೊಂಟನೋವು, ಮಂಡಿನೋವಿಗೆ ಅರ್ಹ ವೈದ್ಯರ ಕೈಯಲ್ಲಿ, ಒಮ್ಮೆ ಬಳಸಿ ಎಸೆಯುವ ಸೂಜಿಯಿಂದ ಈ ಚಿಕಿತ್ಸೆ ಪಡೆಯಲು ಅಡ್ಡಿಯಿಲ್ಲ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮೊದಲೇ ಹೇಳಲೇಬೇಕು. ಆದರೆ ನೋವಿನ ಜೊತೆ ಜ್ವರ, ಉಸಿರಾಟದ ತೊಂದರೆ, ಕಣ್ಣು ಕೆಂಪಾಗುವುದು ಇದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಇದ್ದರೆ ಸೂಜಿಗೆ ಕೂರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೊದಲು ರಕ್ತ ಪರೀಕ್ಷೆ ಮಾಡಿಸಿ.