ಸೋತ ಉಸಿರಿಗೆ ಯಂತ್ರದ ಆಸರೆ

ಶಿರಾ, ಪಾವಗಡ ಸೀಮೆಯ ಕಡಲೆಕಾಯಿ ಹೊಲಗಳಲ್ಲಿ ಹಾವಿನ ಭಯ ಹೊಸದಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರದು, ಊತವೂ ಕಾಣದು. ಕೆಲವು ಗಂಟೆಗಳಲ್ಲಿ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೃದಯ ಬಡಿಯುತ್ತಲೇ ಇರುತ್ತದೆ, ಶ್ವಾಸಕೋಶವೂ ಕೆಟ್ಟಿರುವುದಿಲ್ಲ. ಗಾಳಿ ಮಾತ್ರ ಒಳಹೋಗದು. ಆಗ ಬೇಕಾಗುವುದೇ ವೆಂಟಿಲೇಟರ್.

ನಾವು ಉಸಿರೆಳೆಯುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ. ಒಳಗಿನ ಒತ್ತಡ ಇಳಿದು ಹೊರಗಿನ ಗಾಳಿ ನುಗ್ಗುತ್ತದೆ. ವಯಸ್ಕರಲ್ಲಿ ಇದು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್, ನಿಮಿಷಕ್ಕೆ 12ರಿಂದ 20 ಸಲ. ಯಂತ್ರದ್ದು ಇದಕ್ಕೆ ವಿರುದ್ಧ ಕ್ರಮ. ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ಮೂಲಕ ಅದು ಗಾಳಿಯನ್ನು ಒತ್ತಿ ಕಳಿಸುತ್ತದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿದಾಗ ಯಂತ್ರಗಳು ಸಾಲದೆ, ಡಾ. ಬ್ಯೋರ್ನ್ ಇಬ್ಸೆನ್ ತೋರಿದ ದಾರಿಯಲ್ಲಿ ವೈದ್ಯ ವಿದ್ಯಾರ್ಥಿಗಳೇ ಪಾಳಿಯ ಮೇಲೆ ರಬ್ಬರ್ ಚೀಲ ಹಿಸುಕಿ ರೋಗಿಗಳನ್ನು ಉಳಿಸಿದರು.

ಮಗುವಿಗೆ ಸೈಕಲ್ ಕಲಿಸುವುದನ್ನು ನೆನೆಯಿರಿ. ಮೊದಲು ಬಿಗಿಯಾಗಿ ಹಿಡಿಯುತ್ತೇವೆ, ಆಮೇಲೆ ಕೈ ಸಡಿಲಿಸುತ್ತೇವೆ. ವೆಂಟಿಲೇಟರಿನ ವಿಧಾನಗಳೂ ಹಾಗೆಯೇ. ಪೂರ್ಣ ನಿಯಂತ್ರಣದಲ್ಲಿ ವೈದ್ಯರು ನಿಗದಿಪಡಿಸಿದಂತೆ ಎಲ್ಲ ಉಸಿರನ್ನೂ ಯಂತ್ರವೇ ಕೊಡುತ್ತದೆ. ಅಸಿಸ್ಟ್ ಕಂಟ್ರೋಲ್ ವಿಧಾನದಲ್ಲಿ ರೋಗಿ ತುಸು ಯತ್ನಿಸಿದರೂ ಯಂತ್ರ ಅದನ್ನು ಗುರುತಿಸಿ ಆ ಉಸಿರನ್ನು ಪೂರೈಸುತ್ತದೆ. ಯತ್ನ ನಿಂತರೆ ತಾನೇ ಕೊಡುತ್ತದೆ. ಪ್ರೆಷರ್ ಸಪೋರ್ಟ್‌ನಲ್ಲಿ ಪ್ರತಿ ಉಸಿರನ್ನೂ ರೋಗಿಯೇ ಆರಂಭಿಸಬೇಕು, ಯಂತ್ರದ್ದು ಒತ್ತಾಸೆ ಮಾತ್ರ. ಸಿ-ಪ್ಯಾಪ್‌ನಲ್ಲಿ ಉಸಿರಾಟವೆಲ್ಲ ರೋಗಿಯದೇ. ಗಾಳಿಗೂಡುಗಳು ಮುದುಡದಂತೆ ಸ್ವಲ್ಪ ಒತ್ತಡವನ್ನು ಸದಾ ಕಾಯ್ದಿರಿಸಲಾಗುತ್ತದೆ. ಇದಕ್ಕೆ ಮುಖವಾಡವೇ ಸಾಕಾಗುವುದುಂಟು.

ಒತ್ತಡ ಹೆಚ್ಚಾದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಕೊಳವೆ ಹೆಚ್ಚು ದಿನ ಇದ್ದರೆ ಸೋಂಕಿನ ಭಯವಿದೆ. ಆದ್ದರಿಂದಲೇ ವೈದ್ಯರು ಹಂತಹಂತವಾಗಿ ಕೈಬಿಡಲು ನೋಡುತ್ತಾರೆ.

'ವೆಂಟಿಲೇಟರಿಗೆ ಹಾಕಿದರೆ ಮುಗಿಯಿತು' ಎಂದು ಹೆದರುವ ಮನೆಯವರಿದ್ದಾರೆ. ಯಂತ್ರ ರೋಗ ವಾಸಿಮಾಡದು ನಿಜ. ಅದು ಕಾಲಾವಕಾಶ ಕೊಡುತ್ತದೆ. ಕಟ್ಟುಹಾವಿನ ಕಡಿತದಲ್ಲಿ ಚುಚ್ಚುಮದ್ದು ಕೊಟ್ಟ ಮೇಲೂ ಸ್ನಾಯುಗಳು ಚೇತರಿಸಲು ದಿನಗಳೇ ಬೇಕಾಗಬಹುದು. ಅಲ್ಲಿಯವರೆಗೆ ಉಸಿರು ನಡೆದರೆ ಮನುಷ್ಯ ಎದ್ದು ಮನೆಗೆ ನಡೆಯಬಲ್ಲ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮನೆಯವರ ಪಾಲಿನ ಕೆಲಸ ಇಷ್ಟೇ: ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆಯದೆ, ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ನೇರ ಆಸ್ಪತ್ರೆಗೆ ಒಯ್ಯುವುದು.