ಎಲ್ಲಕ್ಕಿಂತ ದೊಡ್ಡ ರೇಸಿಂಗ್ ತಂಡ ಯಾವುದು? ವಾದಕ್ಕೆ ಕೂರುವ ಮೊದಲು ಒಂದಿಷ್ಟು ತಿಳಿವಳಿಕೆ



ಆಸ್ಪರಿ, ಆದೋನಿ, ಆಲೂರು ಕಡೆ ನಾಲ್ಕು ಜನ ಹುಡುಗರು ಸೇರಿದರೆ ಕ್ರಿಕೆಟ್ ಮಾತು ಮುಗಿದ ಮೇಲೆ ಈಗ ಬೈಕ್, ಕಾರು ರೇಸಿನ ಮಾತು ಬರುತ್ತದೆ. ಒಬ್ಬ ಫೆರಾರಿ ಎನ್ನುತ್ತಾನೆ, ಇನ್ನೊಬ್ಬ ಮರ್ಸಿಡಿಸ್ ಎನ್ನುತ್ತಾನೆ. ಮೂರನೆಯವನು ಮರಳುಗಾಡಿನ ಡಕಾರ್ ರ‍್ಯಾಲಿ ನೋಡಿದವನು, ಕೆಟಿಎಂ ಮುಂದೆ ಯಾರೂ ಇಲ್ಲ ಎನ್ನುತ್ತಾನೆ. ನಮ್ಮ ದೇಶದ ತಂಡಗಳ ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ವಾದ ಬಗೆಹರಿಯದಿರುವುದಕ್ಕೆ ಕಾರಣ ಸರಳ: ಮೂವರೂ ಮೂರು ಬೇರೆ ಅಳತೆಗೋಲು ಹಿಡಿದಿರುತ್ತಾರೆ. ಆ ಅಳತೆಗೋಲುಗಳು ಯಾವುವು, ಅವುಗಳಿಂದ ನಮ್ಮ ಕಡೆಯ ತಂಡಗಳನ್ನು ಅಳೆದರೆ ಏನು ಸಿಗುತ್ತದೆ ಎಂದು ತಿಳಿಸುವುದು ಈ ಬರಹದ ಉದ್ದೇಶ.

ಹಲ್ಲು ನೋಡಿ ವರ್ಗ

ನಮ್ಮ ಭಾಗದ ಜಾತ್ರೆಗಳಲ್ಲಿ ನಡೆಯುವ ಕಲ್ಲು ಎಳೆಯುವ ಪಂದ್ಯ, ತೆಲುಗಿನಲ್ಲಿ ಬಂಡಲಾಗುಡು, ಎಲ್ಲರಿಗೂ ಗೊತ್ತು. ಅಲ್ಲಿ ಎತ್ತಿನ ಜೋಡಿಯನ್ನು ಕಣಕ್ಕೆ ಬಿಡುವ ಮೊದಲು ಹಲ್ಲು ನೋಡುತ್ತಾರೆ. ಎರಡು ಹಲ್ಲಿನವು, ನಾಲ್ಕು ಹಲ್ಲಿನವು, ಆರು ಹಲ್ಲಿನವು, ಸೀನಿಯರ್ ಹೀಗೆ ವರ್ಗಗಳು. ಗೊತ್ತಾದ ಸಮಯದೊಳಗೆ ಯಾವ ಜೋಡಿ ಕಲ್ಲನ್ನು ಎಷ್ಟು ಅಡಿ ಎಳೆಯಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಎರಡು ಹಲ್ಲಿನ ಜೋಡಿಯನ್ನು ಸೀನಿಯರ್ ಜೋಡಿಯ ಪಕ್ಕ ನಿಲ್ಲಿಸಿ ಯಾವುದು ದೊಡ್ಡದು ಎಂದು ಯಾವ ರೈತನೂ ಕೇಳುವುದಿಲ್ಲ. ಅದರದರ ವರ್ಗದಲ್ಲಿ ಎಷ್ಟು ದೂರ ಮುಂದಿತ್ತು ಎಂದು ಕೇಳುತ್ತಾನೆ.

ಮೋಟಾರ್ ರೇಸಿನಲ್ಲೂ ಇದೇ ನ್ಯಾಯ. ಫಾರ್ಮುಲಾ ಒನ್ ಪಂದ್ಯ ಹೆಚ್ಚೆಂದರೆ ಎರಡು ಗಂಟೆಯ ಆಟ. ಅಲ್ಲಿ ಚಕ್ರ ಬದಲಿಸುವ ಕೆಲಸಕ್ಕೂ ತೂಕವಿದೆ. 2023ರಲ್ಲಿ ಕತಾರಿನಲ್ಲಿ ಮೆಕ್ಲಾರೆನ್ ತಂಡದವರು ನಾಲ್ಕೂ ಚಕ್ರಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿದರು. ಫ್ರಾನ್ಸಿನ ಲೆ ಮಾನ್ ಪಂದ್ಯ 24 ಗಂಟೆ ಓಡುತ್ತದೆ. ಒಂದೇ ಕಾರನ್ನು ಮೂವರು ಸರದಿಯಲ್ಲಿ ಓಡಿಸುತ್ತಾರೆ. ಅಲ್ಲಿ ವೇಗದಷ್ಟೇ ಮುಖ್ಯವಾದದ್ದು ಗಾಡಿ ಕೆಡದೆ ಬೆಳಗು ಕಾಣುವುದು. ರ‍್ಯಾಲಿಯಲ್ಲಿ ಚಾಲಕನ ಪಕ್ಕ ಸಹಚಾಲಕ ಕೂತು, ಮುಂಚೆಯೇ ಬರೆದುಕೊಂಡ ಟಿಪ್ಪಣಿ ಓದಿ, ಮುಂದಿನ ತಿರುವು ಎಷ್ಟು ಚೂಪು ಎಂದು ಹೇಳುತ್ತಾನೆ. ಡಕಾರ್‌ನಲ್ಲಿ ಸುಮಾರು ಎರಡು ವಾರ, ದಿನಕ್ಕೆ ನೂರಾರು ಕಿಲೋಮೀಟರ್ ಓಟ. ಬೈಕ್ ಸವಾರನಿಗೆ ಪಕ್ಕದಲ್ಲಿ ಯಾರೂ ಇಲ್ಲ, ದಾರಿ ಹುಡುಕುವುದೂ ಅವನದೇ ಕೆಲಸ. ಹಾಗಾಗಿ ಒಂದು ವರ್ಗದ ಕಪ್ಪುಗಳನ್ನು ಎಣಿಸಿ ಇನ್ನೊಂದು ವರ್ಗದ ಕಪ್ಪುಗಳ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ.

ತಂಡ ಎಂದರೆ ಯಾರು?

ಇದು ಎರಡನೆಯ ತೊಡಕು. ಕಾರು ಕಟ್ಟಿದ ಕಂಪನಿಯೇ ತಂಡವೋ, ಅದನ್ನು ಕಣಕ್ಕೆ ಇಳಿಸಿದವರು ತಂಡವೋ?

1972ರ ಇಂಡಿಯಾನಾಪೊಲಿಸ್ 500 ಪಂದ್ಯವನ್ನು ಮಾರ್ಕ್ ಡೊನೊಹ್ಯೂ ಗೆದ್ದರು. ತಂಡ ಪೆನ್‌ಸ್ಕಿಯದು, ಕಾರು ಮೆಕ್ಲಾರೆನ್ ಕಟ್ಟಿದ್ದು. ಈ ಒಂದೇ ಗೆಲುವು ಇಬ್ಬರ ಖಾತೆಯಲ್ಲೂ ಇದೆ. ಮೊನಾಕೊ, ಇಂಡಿಯಾನಾಪೊಲಿಸ್, ಲೆ ಮಾನ್ ಮೂರನ್ನೂ ಗೆದ್ದ ಹೆಸರು ಎಂದು ಮೆಕ್ಲಾರೆನ್ ಅಭಿಮಾನಿಗಳು ಎದೆ ತಟ್ಟಿ ಹೇಳುತ್ತಾರೆ. ಮಾತು ನಿಜ. ಆದರೆ 1995ರಲ್ಲಿ ಲೆ ಮಾನ್ ಗೆದ್ದ ಆ ಮೆಕ್ಲಾರೆನ್ ಕಾರನ್ನು ನಡೆಸಿದ್ದು ಮೆಕ್ಲಾರೆನ್ನಿನ ಸ್ವಂತ ಫಾರ್ಮುಲಾ ಒನ್ ತಂಡವಲ್ಲ, ಬೇರೆಯವರು. ಫೆರಾರಿ 2023, 2024, 2025 ಮೂರು ವರ್ಷವೂ ಲೆ ಮಾನ್ ಗೆದ್ದಿತು. ಆ ಕಾರುಗಳನ್ನು ಕಣದಲ್ಲಿ ನೋಡಿಕೊಂಡದ್ದು ಎಎಫ್ ಕೋರ್ಸೆ ಎಂಬ ಇಟಲಿಯ ತಂಡ. ಕಾರ್ಖಾನೆ, ತಂಡ, ಸವಾರ ಈ ಮೂರರಲ್ಲಿ ಯಾರಿಗೆ ಎಷ್ಟು ಪಾಲು ಎಂದು ಮೊದಲೇ ಒಪ್ಪಿಕೊಳ್ಳದೆ ವಾದಕ್ಕೆ ಇಳಿಯಬಾರದು.

ಅವರವರ ಕಣದ ದೊಡ್ಡವರು

ಈಗ ವರ್ಗವಾರು ನೋಡೋಣ. ಫಾರ್ಮುಲಾ ಒನ್‌ನಲ್ಲಿ ಫೆರಾರಿ 16 ಬಾರಿ ತಂಡಗಳ ಪ್ರಶಸ್ತಿ ಗೆದ್ದಿದೆ, ಅಷ್ಟು ಯಾರೂ ಗೆದ್ದಿಲ್ಲ. 1950ರಿಂದ ಒಂದು ವರ್ಷವೂ ತಪ್ಪದೆ ಕಣದಲ್ಲಿರುವ ತಂಡವೂ ಅದೊಂದೇ. ಆದರೆ ಅದರ ಕೊನೆಯ ತಂಡ ಪ್ರಶಸ್ತಿ 2008ರದು. ಮರ್ಸಿಡಿಸ್ 2014ರಿಂದ 2021ರವರೆಗೆ ಎಂಟು ವರ್ಷ ಬಿಡದೆ ಗೆದ್ದಿತು. ದೀರ್ಘ ಬಾಳಿಕೆ ನೋಡುವವರು ಫೆರಾರಿ ಕಡೆ, ಬಿಗಿ ಹಿಡಿತ ನೋಡುವವರು ಮರ್ಸಿಡಿಸ್ ಕಡೆ ನಿಲ್ಲುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಲೆ ಮಾನ್‌ನಲ್ಲಿ ಪೋರ್ಷೆಯ ಗೆಲುವುಗಳು 19. ಆಡಿಯದು 13, ಆದರೆ ಅಷ್ಟನ್ನೂ ಗೆದ್ದದ್ದು 2000ದಿಂದ 2014ರೊಳಗಿನ 15 ಪಂದ್ಯಗಳಲ್ಲಿ. ವಿಶ್ವ ರ‍್ಯಾಲಿಯಲ್ಲಿ ಇಟಲಿಯ ಲ್ಯಾಂಚಿಯಾ 10 ಬಾರಿ ತಯಾರಕರ ಪ್ರಶಸ್ತಿ ಗೆದ್ದಿತು, ಅದರಲ್ಲಿ 1987ರಿಂದ 1992ರವರೆಗಿನ ಆರು ಸಾಲಾಗಿ ಬಂದವು. ಡಕಾರ್‌ನ ಬೈಕ್ ವಿಭಾಗದಲ್ಲಿ ಕೆಟಿಎಂ 2001ರಿಂದ 2019ರವರೆಗೆ, 2008ರಲ್ಲಿ ರದ್ದಾದ ಪಂದ್ಯವೊಂದನ್ನು ಬಿಟ್ಟು, ಸತತ 18 ಬಾರಿ ಗೆದ್ದಿತು.

ಎದುರಾಳಿ ಗಟ್ಟಿ ಇಲ್ಲದಿದ್ದರೆ ಗೆಲ್ಲುವುದೇನು ದೊಡ್ಡದು ಎಂದು ಕೆಟಿಎಂ ಬಗ್ಗೆ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹೋಂಡಾ ತನ್ನ ಕಾರ್ಖಾನೆ ತಂಡದೊಡನೆ 2013ರಲ್ಲಿ ಮರಳಿ ಬಂತು. ಹೋಂಡಾದಂಥ ಕಂಪನಿಗೂ ಕೆಟಿಎಂ ಸರಪಳಿ ಕಡಿಯಲು 2020ರವರೆಗೆ ಕಾಯಬೇಕಾಯಿತು. ಆದ್ದರಿಂದ ಆ 18ರಲ್ಲಿ ಕೊನೆಯ ಏಳನ್ನಾದರೂ ಗಟ್ಟಿ ಎದುರಾಳಿಯ ಮುಂದೆ ಗೆದ್ದದ್ದು ಎಂದು ಒಪ್ಪಬೇಕು.

ಇಷ್ಟನ್ನು ಇಟ್ಟುಕೊಂಡು ನಾಲ್ಕು ಪ್ರಶ್ನೆ ಕೇಳಬಹುದು. ಒಂದು, ತನ್ನ ವರ್ಗದಲ್ಲಿ ಎಷ್ಟು ಮುಂದಿತ್ತು? ಎರಡು, ಎದುರಿಗೆ ಯಾರಿದ್ದರು? ಮೂರು, ಕೈಯಲ್ಲಿದ್ದ ಹಣಕ್ಕೆ ಎಷ್ಟು ಫಲ ಕೊಟ್ಟಿತು? ನಾಲ್ಕು, ತನ್ನ ಹಿಂದೆ ಯಾರನ್ನು ಬೆಳೆಸಿತು?

ನಮ್ಮ ಕಡೆಯ ತಂಡಗಳು

ಫೋರ್ಸ್ ಇಂಡಿಯಾ ಹೆಸರು ಕನ್ನಡಿಗರಿಗೆ ಬೇಗ ನೆನಪಾಗುತ್ತದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಪಾಲುದಾರರೊಡನೆ ಸ್ಪೈಕರ್ ತಂಡವನ್ನು ಕೊಂಡು 2008ರಲ್ಲಿ ಈ ಹೆಸರಿನಲ್ಲಿ ಕಣಕ್ಕೆ ಇಳಿಸಿದರು. 2009ರಲ್ಲಿ ಬೆಲ್ಜಿಯಂನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಓಟ ಆರಂಭಿಸಿ ಎರಡನೆಯವರಾಗಿ ಮುಗಿಸಿದರು. 2016 ಮತ್ತು 2017ರಲ್ಲಿ ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು. ದೊಡ್ಡ ಕಾರು ಕಂಪನಿಗಳ ಮುಂದೆ, 400ರಷ್ಟು ಸಿಬ್ಬಂದಿಯ ತಂಡಕ್ಕೆ ಅದು ಸಣ್ಣ ಸಾಧನೆಯಲ್ಲ. ಮೂರನೆಯ ಪ್ರಶ್ನೆಗೆ ಈ ತಂಡಕ್ಕೆ ಒಳ್ಳೆಯ ಅಂಕ ಸಲ್ಲಬೇಕು.

ಆದರೆ ತಂಡದ ಮನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಒಬ್ಬ ಭಾರತೀಯ ಚಾಲಕನೂ ಅದರ ಕಾರಿನಲ್ಲಿ ಪಂದ್ಯ ಓಡಲಿಲ್ಲ. ಮಾಲೀಕರ ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ಹಾರಾಟ ನಿಲ್ಲಿಸಿದವು, ಸಿಬ್ಬಂದಿಯ ಸಂಬಳ ಬಾಕಿ ಉಳಿಯಿತು. ಅದೇ ಹೊತ್ತಿನಲ್ಲಿ ರೇಸಿನ ಕಾರು ಓಡುತ್ತಿದ್ದದ್ದನ್ನು ಕಂಡವರಿಗೆ ಈ ತಂಡದ ಮೇಲೆ ಅಭಿಮಾನ ಪಡುವುದು ಸುಲಭವಾಗಿರಲಿಲ್ಲ. 2018ರಲ್ಲಿ ತಂಡ ಸಾಲದಲ್ಲಿ ಬಿದ್ದು ಕೈ ಬದಲಾಯಿತು. ಈಗ ಅದೇ ತಂಡ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿದೆ.

ಎಂಆರ್‌ಎಫ್ ದಾರಿ ಬೇರೆ. ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದದ್ದು ಟೀಮ್ ಎಂಆರ್‌ಎಫ್ ಪರವಾಗಿ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಕ್ರೀಡೆಯಲ್ಲಿ ಅದು ಮೊದಲನೆಯದು. 2022ರಲ್ಲಿ ಸ್ಪೇನಿನ ಎಫ್ರೆನ್ ಯರೇನಾ ಇದೇ ಟೈರಿನ ತಂಡದಿಂದ ಯುರೋಪಿಯನ್ ರ‍್ಯಾಲಿ ಚಾಂಪಿಯನ್ ಆದರು. ಇಲ್ಲಿ ನಮ್ಮವರು ನೆನಪಿಡಬೇಕಾದ ಇನ್ನೊಂದು ಹೆಸರಿದೆ: ರಾಷ್ಟ್ರೀಯ ರ‍್ಯಾಲಿಗಳಲ್ಲಿ ಗಿಲ್ ಪಕ್ಕ ಕೂತು ಹಲವು ಬಾರಿ ಚಾಂಪಿಯನ್ ಆದ ಸಹಚಾಲಕ ಮೂಸಾ ಷರೀಫ್ ಕಾಸರಗೋಡು ಜಿಲ್ಲೆಯವರು. ಫೋಟೊದಲ್ಲಿ ಚಾಲಕ ದೊಡ್ಡದಾಗಿ ಕಾಣುತ್ತಾನೆ, ಆದರೆ ಟಿಪ್ಪಣಿಯ ಒಂದು ಸಾಲು ತಡವಾಗಿ ಓದಿದರೆ ಕಾರು ಹಳ್ಳಕ್ಕೆ.

ಹೀರೊ ಮೋಟೊಸ್ಪೋರ್ಟ್ಸ್ ಶುರುವಾದದ್ದು 2016ರಲ್ಲಿ. ಡಕಾರ್ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್ ಅದರ ಮೊದಲ ಸವಾರರಲ್ಲಿ ಒಬ್ಬರು. ಅವರು 2015ರಲ್ಲಿ ಆ ಪಂದ್ಯವನ್ನು 36ನೆಯವರಾಗಿ ಮುಗಿಸಿದ್ದರು. 2020ರಲ್ಲಿ ಹೀರೊ ಸವಾರ, ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವಿಸ್ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. ತಂಡ ಆ ವರ್ಷದ ಓಟದಿಂದ ಹಿಂದೆ ಸರಿಯಿತು. ಮರುವರ್ಷ ಸಂತೋಷ್ ತೀವ್ರವಾಗಿ ಗಾಯಗೊಂಡು ಕೋಮಾದಲ್ಲಿದ್ದು ಬದುಕಿ ಬಂದರು. ಅಷ್ಟಾದ ಮೇಲೂ ತಂಡ ನಿಂತಿತು. 2022ರಲ್ಲಿ ಜೋಕಿಂ ರೊಡ್ರಿಗ್ಸ್ ಒಂದು ದಿನದ ಹಂತ ಗೆದ್ದರು, ಭಾರತೀಯ ಕಂಪನಿಯೊಂದಕ್ಕೆ ಡಕಾರ್‌ನಲ್ಲಿ ಅದು ಮೊದಲ ಹಂತಗೆಲುವು. 2024ರಲ್ಲಿ ಬೋಟ್ಸ್ವಾನದ ರಾಸ್ ಬ್ರಾಂಚ್ ಒಟ್ಟಾರೆ ಎರಡನೆಯ ಸ್ಥಾನ ಪಡೆದರು, ಅದೇ ವರ್ಷ ವಿಶ್ವ ರ‍್ಯಾಲಿ ರೇಡ್ ಚಾಂಪಿಯನ್ ಕೂಡ ಆದರು.

ಕೊನೆಯದು ಹೊಸೂರಿನ ಟಿವಿಎಸ್ ರೇಸಿಂಗ್. ಹೊಸೂರು ನಮ್ಮ ಹಾಗೆಯೇ ಗಡಿಯ ಊರು. ನಕ್ಷೆಯಲ್ಲಿ ತಮಿಳುನಾಡು, ಆದರೆ ಅತ್ತಿಬೆಲೆ ದಾಟಿದರೆ ಸಿಗುವಷ್ಟು ಹತ್ತಿರ, ಕನ್ನಡ ಮಾತು ಕೇಳುವ ಊರು. ಈ ತಂಡ 1982ರಿಂದ ಇದೆ. 1994ರಿಂದ ಒಂದೇ ಮಾದರಿಯ ಬೈಕುಗಳ ಸ್ಪರ್ಧೆ ನಡೆಸುತ್ತಿದೆ. ಎಲ್ಲರಿಗೂ ಒಂದೇ ಗಾಡಿ ಕೊಟ್ಟಾಗ ಯಾರ ಕೈಯಲ್ಲಿ ಕಸುವಿದೆ ಎಂದು ತಿಳಿಯುತ್ತದೆ, ಸ್ವಂತ ರೇಸ್ ಬೈಕ್ ಕೊಳ್ಳಲಾಗದವರಿಗೂ ಅವಕಾಶ ಸಿಗುತ್ತದೆ. ಬಿಗ್ ಬಾಸ್ ಕನ್ನಡದಲ್ಲಿ ನೀವು ನೋಡಿದ ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದ್ದು ಈ ತಂಡದ ಸವಾರನಾಗಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಕೇರಳದ ಹರಿತ್ ನೋವಾ 2024ರ ಡಕಾರ್‌ನಲ್ಲಿ ಒಟ್ಟಾರೆ 11ನೆಯವರಾಗಿ, ರ‍್ಯಾಲಿ 2 ವರ್ಗದಲ್ಲಿ ಮೊದಲಿಗರಾದರು.

ತೂಗಿ ನೋಡಿದರೆ

ಬರೀ ಫಲಿತಾಂಶ ನೋಡಿದರೆ ಭಾರತದ ತಂಡಗಳಲ್ಲಿ ಹೀರೊ ಮುಂದಿದೆ. ಗೆದ್ದವರು ಹೊರದೇಶದವರಲ್ಲವೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಜರ್ಮನಿಯ ಆಡಿಗೆ ಲೆ ಮಾನ್ ಗೆದ್ದುಕೊಟ್ಟವರಲ್ಲಿ ಡೆನ್ಮಾರ್ಕಿನ ಟಾಮ್ ಕ್ರಿಸ್ಟೆನ್ಸನ್ ಇದ್ದರು, ಅದರಿಂದ ಆಡಿಯ ಲೆಕ್ಕ ಕಡಿಮೆಯಾಗಲಿಲ್ಲ. ಹೀರೊಗೂ ಅದೇ ನ್ಯಾಯ ಸಲ್ಲಬೇಕು. ಕಡಿಮೆ ಹಣದಲ್ಲಿ ದೊಡ್ಡವರ ಜೊತೆ ಸೆಣಸಿದ್ದಕ್ಕೆ ಫೋರ್ಸ್ ಇಂಡಿಯಾ, ಬೇರೆ ಬೇರೆ ಖಂಡಗಳಲ್ಲಿ ಗೆದ್ದದ್ದಕ್ಕೆ ಎಂಆರ್‌ಎಫ್.

ನಾಲ್ಕನೆಯ ಪ್ರಶ್ನೆಗೆ, ಅಂದರೆ ಹಿಂದೆ ಯಾರನ್ನು ಬೆಳೆಸಿತು ಎಂಬುದಕ್ಕೆ, ಹೊಸೂರಿನ ತಂಡವೇ ಮುಂದಿದೆ ಎಂಬುದು ಈ ಲೇಖಕನ ಮತ. ನಮ್ಮಂಥ ಊರುಗಳಿಗೆ ಈ ಪ್ರಶ್ನೆಯೇ ಹೆಚ್ಚು ಮುಖ್ಯ. ಫೆರಾರಿ ಗೆದ್ದರೆ ಆಸ್ಪರಿಯ ಹುಡುಗನಿಗೆ ಸಂತೋಷ ಸಿಗಬಹುದು, ಬಾಗಿಲು ಸಿಗುವುದಿಲ್ಲ. ಉಡುಪಿಯ, ಕಾಸರಗೋಡಿನ ಒಬ್ಬರು ಒಳಗೆ ಹೋದ ಬಾಗಿಲು ಅವನಿಗೂ ತೆರೆದೀತು. ಇದನ್ನು ಒಪ್ಪದೆ ಹೀರೊ ಪರವಾಗಿ ವಾದಿಸುವವರ ಬಳಿ ಗಟ್ಟಿ ಅಂಶಗಳಿವೆ, ಅವರು ಬಿಟ್ಟುಕೊಡಬೇಕಿಲ್ಲ.

ಪೋಷಕರಿಗೆ ಒಂದು ಮಾತು

ಈ ಚರ್ಚೆಯನ್ನು ಮಕ್ಕಳು ಆಡುವಾಗ ಗದರಿಸಿ ಸುಮ್ಮನಾಗಿಸಬೇಡಿ. ಆದೋನಿ ರಸ್ತೆಯಲ್ಲಿ ಸಂಜೆ ಹೊತ್ತು ಹೆಲ್ಮೆಟ್ ಇಲ್ಲದೆ ಬೈಕ್ ಹಾರಿಸುವುದಕ್ಕೂ ರೇಸಿಗೂ ಸಂಬಂಧವಿಲ್ಲ ಎಂದು ತಿಳಿಹೇಳಲು ಇದೇ ಒಳ್ಳೆಯ ಸಂದರ್ಭ. ರೇಸಿನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ಎಮ್ಮೆ ಬರುವುದಿಲ್ಲ, ಆಂಬುಲೆನ್ಸ್ ಮತ್ತು ವೈದ್ಯರು ಕಾದು ನಿಂತಿರುತ್ತಾರೆ. ಹಾಗಿದ್ದೂ ಗೊನ್ಸಾಲ್ವಿಸ್ ಅವರಂಥ ಅನುಭವಿ ಉಳಿಯಲಿಲ್ಲ. ನಿಜವಾಗಿ ಆಸಕ್ತಿ ಇರುವವರಿಗೆ ಸರಿಯಾದ ದಾರಿ ಇದೆ. ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಸ್ಪರ್ಧಿಗಳಿಗೆ ಪರವಾನಗಿ ಕೊಡುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಪಂದ್ಯಗಳು ನಡೆಯುತ್ತವೆ.

ನಿಮ್ಮ ನಿಮ್ಮ ಊರಿನ ಕೂಟಗಳಲ್ಲಿ ಈ ವಿಷಯ ಇಟ್ಟುಕೊಂಡು ಒಂದು ಸಂಜೆ ಚರ್ಚೆ ನಡೆಸಿ ಎಂದು ವಿನಂತಿ. ನಿಯಮ ಇಷ್ಟೇ: ಮಾತಾಡುವವರು ಮೊದಲು ವರ್ಗ ಹೇಳಬೇಕು, ಆಮೇಲೆ ಅಳತೆಗೋಲು ಹೇಳಬೇಕು, ಕೊನೆಗೆ ತಂಡದ ಹೆಸರು. ಕನ್ನಡದಲ್ಲಿ ಇಂಥ ವಿಷಯ ಮಾತಾಡಲು ಹಿಂಜರಿಯುವ ನಮ್ಮ ಹೈಸ್ಕೂಲು ಮಕ್ಕಳಿಗೆ ಮೊದಲ ಅವಕಾಶ ಕೊಡಿ. ಅವರು ಯಾವ ತಂಡದ ಪರ ನಿಂತರು, ಯಾವ ಕಾರಣ ಕೊಟ್ಟರು ಎಂದು ಬರೆದು ಕಳುಹಿಸಿ. ಒಳ್ಳೆಯ ವಾದಗಳನ್ನು ಮುಂದಿನ ಸಂಚಿಕೆಗಳಲ್ಲಿ ಹಾಕೋಣ.